ಟೀಚರಮ್ಮನ ಚಮಚ

ಚರ್ಚಿನ ಭಾನುವಾರದ ತರಗತಿಯಲ್ಲಿ ಓಣಿಯ ಮಕ್ಕಳಿಗೆಲ್ಲ ವರ್ಷಗಟ್ಟಲೆ ಪ್ರಾರ್ಥನೆ ಕಲಿಸಿದ ಟೀಚರಮ್ಮನ ಸ್ವಂತ ಮಕ್ಕಳ ಬಾಯಲ್ಲಿ ಪರಲೋಕ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಮನೆಯ ಮಕ್ಕಳು ತಾನೇ, ನಾಳೆ ಕಲಿಸಿದರಾಯಿತು ಎಂದು ಆಕೆ ಮುಂದೂಡುತ್ತ ಬಂದಳು. ಅಷ್ಟರಲ್ಲಿ ಗಂಟಲಲ್ಲಿ ಗೆಡ್ಡೆ ಎದ್ದಿತು. ಮೊದಲು ಗಟ್ಟಿ ಆಹಾರ ಹೋಯಿತು, ಆಮೇಲೆ ದನಿ ಹೋಯಿತು. ಕೊನೆಗೆ ಡಾಕ್ಟರು, "ಇನ್ನು ಮನೆಯಲ್ಲೇ ವಿಶ್ರಾಂತಿ ತಗೊಳ್ಳಲಿ, ಚೆನ್ನಾಗಿ ನೋಡ್ಕೊಳ್ಳಿ" ಎಂದು ಕಳಿಸಿಕೊಟ್ಟರು. ಆ ಮಾತಿನ ಅರ್ಥವನ್ನು ಆಕೆಯ ಗಂಡನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಹೆಣ ಸಾಗಿಸುವ ವ್ಯಾನಿನ ಡ್ರೈವರು.

ಮಕ್ಕಳು ಇಬ್ಬರು. ಮಗಳಿಗೆ ಎಂಟು ವರ್ಷ. 'ಯಾಕೆ' ಎಂದು ಕೇಳದೆ ನೀರು ಕೂಡ ಕುಡಿಯದವಳಾದ್ದರಿಂದ ಅವಳು ಲಾಯರಮ್ಮ. ಮಗನಿಗೆ ಐದು, ತೊಟ್ಟಿಲಲ್ಲಿದ್ದಾಗಿನಿಂದ ಕುಯ್ಯೋ ಎಂದು ರಾಗ ಎಳೆಯುತ್ತಿದ್ದವನು, ಹಾಗಾಗಿ ಪಿಟೀಲು. ಲಾಯರಮ್ಮ ಈ ಸಲ ಮೊದಲ ಪರಮಪ್ರಸಾದ, ಅಂದರೆ ಫಾದರ್ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ ಬಿಲ್ಲೆ, ತೆಗೆದುಕೊಳ್ಳಬೇಕಿತ್ತು. ಬಿಳಿ ಫ್ರಾಕನ್ನು ಟೀಚರಮ್ಮ ಕಾಯಿಲೆಗೆ ಮೊದಲೇ ಹೊಲಿದು, ಬೆಳೆಯುವ ಹುಡುಗಿ ಎಂದು ಅಂಚಿನಲ್ಲಿ ಒಂದು ಮಡಿಕೆ ಬಿಟ್ಟು ಬೀರುವಿನಲ್ಲಿಟ್ಟಿದ್ದಳು. ಆದರೆ ಫ್ರಾಕಿದ್ದರೆ ಸಾಲದು, ಪ್ರಾರ್ಥನೆಗಳು ಬಾಯಿಪಾಠ ಬರಬೇಕು, ಫಾದರ್ ಕೇಳಿದ್ದಕ್ಕೆ ಉತ್ತರ ಹೇಳಬೇಕು. ಮನೆಯ ಸ್ಥಿತಿ ನೋಡಿ ಫಾದರ್, "ಮಗು ತರಗತಿಗೆ ಬರೋದು ಬೇಡ, ಮನೇಲೇ ಕಲಿಸಿ. ನಾನೇ ಬಂದು ಕೇಳ್ತೀನಿ" ಎಂದಿದ್ದರು.

"ಕಲಿಸೋದು ಯಾರು?" ಎಂದ ಡ್ರೈವರು.

ದಿಂಬಿಗೊರಗಿದ್ದ ಟೀಚರಮ್ಮ ಅವನ ಕಡೆಗೇ ಬೆರಳು ತೋರಿಸಿದಳು.

"ನಾನಾ? ನಿನ್ನ ಮದುವೆ ಆಗೋಕೆ ಅಂತ ತಲೆಗೆ ನೀರು ಹಾಕಿಸ್ಕೊಂಡು ಚರ್ಚಿಗೆ ಸೇರಿದವನು ನಾನು. ಕೋಣನ ಮುಂದೆ ಕಿನ್ನರಿ ಬಾರಿಸ್ತಾರೆ ಅಂತ ಕೇಳಿದ್ದೆ, ನೀನು ಕೋಣನ ಕೈಗೇ ಕಿನ್ನರಿ ಕೊಡ್ತಿದೀಯಲ್ಲೇ."

ಆಕೆ ಪಕ್ಕದ ಸ್ಟೂಲಿನ ಮೇಲಿದ್ದ ಚಮಚ ತೆಗೆದುಕೊಂಡು ಸ್ಟೀಲು ಲೋಟಕ್ಕೆ ಒಮ್ಮೆ ಬಡಿದಳು. ಟಿಣ್. ಹಾಗೆಂದರೆ ಮಾತು ಮುಗಿಯಿತು ಎಂದು.

ಅಂದಿನಿಂದ ಪಾಠ ಶುರುವಾಯಿತು. ಹಾಲಿನಲ್ಲಿ ಕಿಟಕಿಯ ಪಕ್ಕ ಆಕೆಯ ಮಂಚ, ಮಂಚದ ಮುಂದೆ ಚಾಪೆ, ಚಾಪೆಯ ಮೇಲೆ ಪ್ರಾರ್ಥನೆ ಪುಸ್ತಕ ಹಿಡಿದ ಡ್ರೈವರು, ಎದುರಿಗೆ ಎರಡು ಮಕ್ಕಳು. ಅವನು ಓದುವುದು, ಅವರು ಹೇಳುವುದು. ತಪ್ಪಿದರೆ ಮಂಚದ ಮೇಲಿಂದ ಟಿಣ್. ಮಕ್ಕಳಿಗಿಂತ ಹೆಚ್ಚು ಟಿಣ್ ಬೀಳುತ್ತಿದ್ದುದು ಮೇಷ್ಟರಿಗೇ.

"ನಮ್ಮ ಅನುದಿನದ ಆಹಾರವನ್ನು ನಾಳೆ ನಮಗೆ ದಯಪಾಲಿಸಿರಿ..."

ಟಿಣ್.

"ಅಪ್ಪಾ, ಇಂದು! ನಾಳೆ ಅಲ್ಲ," ಎಂದಳು ಲಾಯರಮ್ಮ. "ಇವತ್ತಿನ ಊಟ ನಾಳೆ ಕೊಟ್ರೆ ಇವತ್ತು ಏನು ತಿನ್ನೋದು?"

"ನಿನ್ನೆಯ ಬ್ರೆಡ್ಡು ಮಿಕ್ಕಿದೆ, ಅದನ್ನ ತಿನ್ನು. ಮುಂದೆ ಹೇಳು."

ಟೀಚರಮ್ಮನ ಭುಜ ಕುಲುಕಿತು. ಆಕೆಯ ನಗುವಿಗೆ ಸದ್ದು ಹೋಗಿತ್ತು, ಕುಲುಕಾಟ ಮಾತ್ರ ಉಳಿದಿತ್ತು.

ಮನೆಗೆಲಸ ಪೂರ್ತಿ ಡ್ರೈವರ ತಲೆಗೇ ಬಿದ್ದಿತ್ತು. ಬೆಳಿಗ್ಗೆ ಎದ್ದು ಗಂಜಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಚಮಚ ಚಮಚವಾಗಿ ಹೆಂಡತಿಗೆ ಕುಡಿಸುವುದು. ಮಕ್ಕಳಿಗೆ ಮೊಟ್ಟೆ ಬೇಯಿಸಿ ಬ್ರೆಡ್ಡಿನ ನಡುವೆ ಇಟ್ಟುಕೊಡುವುದು. ಹಾಸಿಗೆ ಬದಲಿಸುವುದು, ಒಗೆಯುವುದು. ಆಮೇಲೆ ಮಗಳ ಜಡೆ. ವ್ಯಾನಿನಲ್ಲಿ ಪೆಟ್ಟಿಗೆ ಕಟ್ಟುವ ಗಂಟೊಂದನ್ನು ಬಿಟ್ಟು ಅವನಿಗೆ ಬೇರೆ ಗಂಟು ಬರುತ್ತಿರಲಿಲ್ಲ.

"ಇದು ಜಡೆಯಾ, ಹಗ್ಗವಾ?" ಎಂದು ಲಾಯರಮ್ಮ ಕನ್ನಡಿಯ ಮುಂದೆ ರೇಗುತ್ತಿದ್ದಳು.

"ಬಿಚ್ಚೋದಿಲ್ಲ. ಗ್ಯಾರಂಟಿ."

ಒಂದು ದಿನ ಶಾಲೆಯ ಬಸ್ಸು ತಪ್ಪಿತು. ದಾರಿಯಲ್ಲೇ ತಾನೇ ಎಂದು ಡ್ರೈವರು ಇಬ್ಬರನ್ನೂ ವ್ಯಾನಿನಲ್ಲೇ ಕರೆದುಕೊಂಡು ಹೋಗಿ ಗೇಟಿನ ಮುಂದೆ ಇಳಿಸಿದ. ಗದ್ದಲ ಮಾಡುತ್ತಿದ್ದ ಮಕ್ಕಳೆಲ್ಲ ಗಪ್‌ಚಿಪ್. ವಾಚ್‌ಮನ್ ಟೋಪಿ ತೆಗೆದ. ಮುಂದೆ ನಿಂತಿದ್ದ ನಾಲ್ಕಾರು ಚಿಕ್ಕವರು ಶಿಲುಬೆ ಗುರುತು ಹಾಕಿಕೊಂಡರು. ಲಾಯರಮ್ಮ ಬ್ಯಾಗು ಎತ್ತಿಕೊಂಡು ಅವರ ನಡುವೆ ನಡೆದು ಹೋದಳು.

ಸಂಜೆ ಬಂದು, "ನಾಳೆಯಿಂದ ನಡ್ಕೊಂಡೇ ಹೋಗ್ತೀನಿ" ಎಂದಳು.

"ಯಾಕೆ, ಎಲ್ರೂ ಅಷ್ಟು ಮರ್ಯಾದೆ ಕೊಟ್ರಲ್ಲ?"

ಅವನ ಮಾತಿಗೇನೂ ಬರವಿರಲಿಲ್ಲ. ಒಳಗೆ ಮಾತ್ರ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಬೇರೆಯವರ ಮನೆಯ ಸಾವಿನ ಮುಂದೆ ಬಾನೆಟ್ಟಿಗೆ ಒರಗಿ ನಿಂತು ನಿಂತು, ಕಿವಿಗೆ ಬಿದ್ದ ಅಳು ಎದೆಗೆ ಇಳಿಯದ ಹಾಗೆ ರೂಢಿಯಾಗಿತ್ತು. ಆ ರೂಢಿ ಈಗ ಚಪ್ಪಲಿ ಬಿಡದೆ ಮನೆಯೊಳಗೇ ಬಂದುಬಿಟ್ಟಿದೆ ಎಂದು ಗಂಜಿ ಸೋಸುವಾಗ ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು. ಆ ಹೆದರಿಕೆಯೂ ಗಂಜಿ ಆರುವಷ್ಟರಲ್ಲಿ ಆರಿಹೋಗುತ್ತಿತ್ತು.

ಒಂದು ಸಂಜೆ ಪಾಠ ಮುಗಿದ ಮೇಲೆ ಪಿಟೀಲು ರಾಗ ತೆಗೆದ. "ಎಲ್ಲ ದೇವರಿಗೇ ಆಯ್ತು. ಅಮ್ಮನಿಗೆ ಅಂತ ಒಂದು ಪ್ರಾರ್ಥನೆ ಬೇಕೂ..."

ಡ್ರೈವರು ಪುಸ್ತಕದ ಹಾಳೆ ತಿರುವಿದ, ಸಿಗಲಿಲ್ಲ. ಪುಸ್ತಕವಿಲ್ಲದೆ ಅವನಿಗೆ ಪೂರ್ತಿ ಬರುತ್ತಿದ್ದುದು ಒಂದೇ. ಸಮಾಧಿಯ ಬಳಿ ಫಾದರ್ ಹೇಳುತ್ತಿದ್ದುದು, ಜನ ಹಿಂದೆ ಹೇಳುತ್ತಿದ್ದುದು, ವ್ಯಾನಿನ ಹತ್ತಿರ ನಿಂತೇ ಅವನಿಗೆ ಬಾಯಿಪಾಠವಾಗಿತ್ತು. ಅಲ್ಲಿ ಪರಲೋಕ ಪ್ರಾರ್ಥನೆಯನ್ನೂ ಹೇಳುತ್ತಾರೆ, ನಮೋ ಮರಿಯಾವನ್ನೂ ಹೇಳುತ್ತಾರೆ, ಅವೆಲ್ಲ ಮನೆಯಲ್ಲೂ ಹೇಳುವಂಥವೇ. ಇದೂ ಹಾಗೇ ಇರಬೇಕು ಎಂದುಕೊಂಡ. ಅದರಲ್ಲಿದ್ದುದಾದರೂ ಏನು, ವಿಶ್ರಾಂತಿ ಕೊಡು ಎಂದು ತಾನೇ? ಡಾಕ್ಟರು ಹೇಳಿದ್ದೂ ಅದನ್ನೇ.

"ಹೇಳಿ. ಪ್ರಭುವೇ, ನಿತ್ಯ ವಿಶ್ರಾಂತಿಯನ್ನು ಇವರಿಗೆ ದಯಪಾಲಿಸಿರಿ."

ಮಕ್ಕಳು ಹೇಳಿದರು.

"ನಿತ್ಯ ಪ್ರಕಾಶವು ಇವರ ಮೇಲೆ ಬೆಳಗಲಿ."

ಅದನ್ನೂ ಹೇಳಿದರು. ಡ್ರೈವರು ಮಂಚದ ಕಡೆ ನೋಡಿದ. ಟೀಚರಮ್ಮ ಚಮಚ ಕೈಯಲ್ಲಿ ಹಿಡಿದು ಮಕ್ಕಳನ್ನೇ ನೋಡುತ್ತಿದ್ದಳು. ಚಮಚ ಬಡಿಯಲಿಲ್ಲ. ಸದ್ಯ, ಒಂದಾದರೂ ಸರಿಯಾಗಿ ಹೇಳಿದೆನಲ್ಲ ಎಂದು ಅವನು ಚಾಪೆ ಮಡಚಿದ. ಅಂದಿನಿಂದ ಮಕ್ಕಳು ಪ್ರತಿದಿನ ಪಾಠವನ್ನು ಅದರಿಂದಲೇ ಮುಗಿಸತೊಡಗಿದರು. ಪಿಟೀಲಂತೂ ರಾಗವಾಗಿ, ಬಲು ಚೆನ್ನಾಗಿ ಹೇಳುತ್ತಿದ್ದ.

ಇನ್ನೊಬ್ಬ ಮಗಳ ಹೆರಿಗೆಗೆಂದು ದೂರದ ಊರಿಗೆ ಹೋಗಿದ್ದ ಅತ್ತೆ ಆ ವಾರದ ಕೊನೆಗೆ ಬಂದಿಳಿದಳು. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದ ಗಟ್ಟಿ ಹೆಂಗಸು. ಕಾಲು ತೊಳೆದವಳೇ ಮಗಳ ಬೆನ್ನು ನೋಡಿ, ಹುಣ್ಣಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಮೂಸಿ ಮತ್ತೆ ತೊಳೆದಳು. ಸಂಜೆ ಜಪಮಾಲೆ ಹಿಡಿದು ಮಂಚದ ಪಕ್ಕ ಕುಳಿತಳು.

"ಏನೇನು ಕಲಿತಿದೀರಿ, ಹೇಳಿ ನೋಡೋಣ."

ಮಕ್ಕಳು ಹೇಳಿದರು. ಅಜ್ಜಿ ಒಂದೊಂದಕ್ಕೂ ತಲೆದೂಗಿದಳು. ಪರವಾಗಿಲ್ಲವೇ ಅಳಿಯ ಎಂಬಂತೆ ಒಮ್ಮೆ ಡ್ರೈವರನ್ನೂ ನೋಡಿದಳು. ಆಗ ಪಿಟೀಲು, "ಈಗ ಅಮ್ಮನ ಪ್ರಾರ್ಥನೆ" ಎಂದು ಕೈ ಜೋಡಿಸಿ, ಕಣ್ಣು ಮುಚ್ಚಿ ಶುರುಮಾಡಿದ. "ಪ್ರಭುವೇ, ನಿತ್ಯ ವಿಶ್ರಾಂತಿಯನ್ನು..."

ಅಜ್ಜಿಯ ಕೈಯಿಂದ ಜಪಮಾಲೆ ಜಾರಿತು. "ನಿಲ್ಸೋ! ಯಾರು ಹೇಳಿಕೊಟ್ಟಿದ್ದು ಇದನ್ನ?"

"ಅಪ್ಪ."

"ಅಳಿಯಂದ್ರೇ, ನಿಮಗೆ ಬುದ್ಧಿ ನೆಟ್ಟಗಿದೆಯಾ? ಇದು ಸತ್ತವರಿಗೆ ಹೇಳೋದು! ಬದುಕಿರೋ ಹೆಂಡ್ತಿ ಮಂಚದ ಮುಂದೆ ಕೂತು ಮಕ್ಕಳ ಬಾಯಲ್ಲಿ..."

"ನನಗೆ ಗೊತ್ತಿರಲಿಲ್ಲ ಅತ್ತೆ. ತಪ್ಪಾದ್ರೆ ಅವಳು ಚಮಚ ಬಡೀತಾಳೆ. ಇದಕ್ಕೆ ಬಡೀಲಿಲ್ಲ."

ಅತ್ತೆ ಮಗಳ ಕಡೆ ತಿರುಗಿದಳು. "ನೀನಾದ್ರೂ ಬಡೀಬಾರದಿತ್ತೇನೇ?"

ಟೀಚರಮ್ಮನ ತುಟಿ ಅಲ್ಲಾಡಿತು. ಆಕೆಯ ಪಿಸುಮಾತು ಕಿವಿಯನ್ನು ಬಾಯಿಗೇ ಕೊಟ್ಟರೆ ಮಾತ್ರ ಕೇಳುತ್ತಿತ್ತು. ಡ್ರೈವರು ಬಗ್ಗಿ ಕೇಳಿಸಿಕೊಂಡ.

"ಏನಂತೆ?"

"ತಪ್ಪಿರಲಿಲ್ಲವಲ್ಲ, ಅಂತಾಳೆ."

ಲಾಯರಮ್ಮ ಅಪ್ಪನನ್ನೂ ಅಮ್ಮನನ್ನೂ ನೋಡಿದಳು. ಹುಟ್ಟಿದ ಮೇಲೆ ಮೊದಲ ಸಲ 'ಯಾಕೆ' ಎಂದು ಕೇಳಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಒಲೆಯ ಕಡೆ ಮುಖ ಮಾಡಿ ಅತ್ತಳು. ಡ್ರೈವರು ಪಕ್ಕದಲ್ಲಿ ನಿಂತು ತಟ್ಟೆ ಒರೆಸಿದ.

"ಅದು ಹೇಗೆ ಉಸಿರು ಹಿಡ್ಕೊಂಡಿದೆ ಅಂತೀರಿ? ಮಗಳು ಪರಮಪ್ರಸಾದ ತಗೊಳ್ಳೋದನ್ನ ಕಣ್ಣಾರೆ ನೋಡ್ಬೇಕು ಅಂತ. ನಾನು ಆಸ್ಪತ್ರೇಲಿ ಎಷ್ಟು ಜನರನ್ನ ನೋಡಿಲ್ಲ? ಅದೊಂದು ಆಗೋ ತನಕ ಕಾಯ್ತಾಳೆ. ಆದ ಮೇಲೆ ಬಿಡ್ತಾಳೆ."

"ಹೂಂ," ಎಂದ ಡ್ರೈವರು. ತಿರುಗಿದರೆ ಬಾಗಿಲಲ್ಲಿ ಲಾಯರಮ್ಮ ಎಂಜಲು ಲೋಟಗಳನ್ನು ಹಿಡಿದು ನಿಂತಿದ್ದಳು. ಲೋಟ ತೆಗೆದುಕೊಂಡು ತೊಳೆಯಲು ಹಾಕಿದ.

ಅಂದಿನಿಂದ ಪಾಠ ಅಜ್ಜಿಯ ಕೈಗೆ ಹೋಯಿತು. ವಿಚಿತ್ರವೆಂದರೆ, ಮೇಷ್ಟರು ಬದಲಾದಂತೆ ಶಿಷ್ಯೆ ಹಿಂದಕ್ಕೆ ಹೋದಳು. ನಿನ್ನೆ ಸರಾಗವಾಗಿ ಹೇಳಿದ್ದನ್ನು ಇಂದು ತಪ್ಪುತ್ತಿದ್ದಳು. ಅಜ್ಜಿ ಬೈದರೂ ಇಲ್ಲ, ಮುದ್ದಿಸಿದರೂ ಇಲ್ಲ. ಫಾದರ್ ಬಂದ ದಿನ ಮಾನವೇ ಹೋಯಿತು.

"ನಮೋ ಮರಿಯಾ ಹೇಳು ಮಗು," ಎಂದರು ಫಾದರ್. ಅವರು ಸ್ಟೂಲಿನ ಮೇಲೆ ಕುಳಿತಿದ್ದರು; ಲೋಟ, ಚಮಚ ಟೀಚರಮ್ಮನ ಮಡಿಲಿಗೆ ಹೋಗಿದ್ದವು.

ಲಾಯರಮ್ಮ ಮೂರನೇ ಮಾತಿಗೇ ತಪ್ಪಿದಳು. ಟಿಣ್. ಮತ್ತೆ ಹೇಳಿದಳು, ಬೇರೆ ಕಡೆ ತಪ್ಪಿದಳು. ಟಿಣ್. ಪರಮಪ್ರಸಾದ ಅಂದರೆ ಏನು ಎಂದು ಕೇಳಿದರೆ, "ಗೊತ್ತಿಲ್ಲ." ಯಾರು ಕೊಟ್ಟಿದ್ದು ಎಂದರೆ, "ನೆನಪಿಲ್ಲ." ಟಿಣ್, ಟಿಣ್. ಆಮೇಲೆ ಟೀಚರಮ್ಮ ಮಗಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಚಮಚವನ್ನು ಕೆಳಗಿಟ್ಟಳು.

"ಅವಸರ ಏನಿಲ್ಲ, ಮುಂದಿನ ವರ್ಷ ತಗೊಂಡ್ರೆ..." ಎಂದ ಫಾದರ್ ನಾಲಿಗೆ ಕಚ್ಚಿಕೊಂಡರು. "ಕೆಲವು ದಿನ ಬಿಟ್ಟು ಮತ್ತೆ ಬರ್ತೀನಿ."

ಅವರು ಮೆಟ್ಟಿಲಿಳಿಯುವುದನ್ನೇ ಕಾದಿದ್ದಂತೆ ಅತ್ತೆ ಬಾಯಿ ತೆರೆದಳು. "ಬುನಾದಿ ಹಾಕಿದವರು ಹಾಗಿದ್ರೆ ಗೋಡೆ ಹೇಗೆ ನಿಲ್ಲುತ್ತೆ? ಸಾವಿನ ಪ್ರಾರ್ಥನೆ ಕಲಿಸಿ ಮಗೂನ ಹೆದರಿಸಿ ಇಟ್ಟಿದೀರಿ!"

"ಹೌದು ಅತ್ತೆ."

"ಏನು ಹೌದು? ಕಲ್ಲಿಗಾದ್ರೂ ಬಡಿದ್ರೆ ಸದ್ದು ಬರುತ್ತೆ."

ಅವನು ಕೀ ತೆಗೆದುಕೊಂಡು ಕೆಲಸಕ್ಕೆ ಹೋದ.

ಸಂಜೆ ಮರಳಿ ಬಂದಾಗ ಹಿತ್ತಲಿನ ನಲ್ಲಿಯ ಹತ್ತಿರ ಮಕ್ಕಳ ದನಿ ಕೇಳಿತು. ಲಾಯರಮ್ಮ ಪಾತ್ರೆ ತಿಕ್ಕುತ್ತಿದ್ದಳು, ಪಿಟೀಲು ತೊಳೆದು ಕೊಡುತ್ತ ನಮೋ ಮರಿಯಾ ಹೇಳುತ್ತಿದ್ದ.

"ಅಲ್ಲ ಕಣೋ, ಅದು ಆಮೇಲೆ ಬರುತ್ತೆ," ಎಂದು ಲಾಯರಮ್ಮ ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಹೇಳಿಕೊಟ್ಟಳು. ಅದರ ಬೆನ್ನಿಗೇ ಪಶ್ಚಾತ್ತಾಪದ ಪ್ರಾರ್ಥನೆಯನ್ನೂ ಹೇಳಿದಳು.

ಡ್ರೈವರು ಹೋಗಿ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತ. "ಎಲ್ಲ ಬರುತ್ತಲ್ಲೇ ನಿನಗೆ."

ಅವಳು ಬಾಣಲೆಯನ್ನು ಇನ್ನೂ ಜೋರಾಗಿ ತಿಕ್ಕಿದಳು.

"ಫಾದರ್ ಮುಂದೆ ಯಾಕೆ ಹೇಳಲಿಲ್ಲ?"

"ನಾನು ಪರಮಪ್ರಸಾದ ತಗೊಳ್ಳೋ ತನಕ ಅಮ್ಮ ಕಾಯ್ತಾಳೆ ಅಂತ ಅಜ್ಜಿ ಹೇಳಿದ್ರು. ತಗೊಂಡ ಮೇಲೆ ಬಿಡ್ತಾಳಂತೆ. ನೀನೂ ಹೂಂ ಅಂದೆ." ಬಾಣಲೆಯ ಮೇಲಿನಿಂದ ಕಣ್ಣೆತ್ತದೆ ಅಂದಳು, "ಅದಕ್ಕೆ ನಾನು ತಗೊಳ್ಳೋದೇ ಇಲ್ಲ. ಎಷ್ಟು ವರ್ಷ ಆದ್ರೂ ಸರಿ. ಕಾಯ್ಲಿ."

ಲಾಯರ ವಾದದಲ್ಲಿ ಎಲ್ಲೂ ಬಿರುಕಿರಲಿಲ್ಲ. ಡ್ರೈವರು ಎದ್ದ. ಅವಳ ಕೈಗೆ ನೀರು ಹಾಕಿ, ಒರೆಸಿ, ಹಾಲಿಗೆ ಕರೆದುಕೊಂಡು ಹೋಗಿ ಮಂಚದ ಮುಂದೆ ನಿಲ್ಲಿಸಿದ. ಅವಳು ಹೇಳಿದ್ದನ್ನೆಲ್ಲ ಹೆಂಡತಿಗೆ ಹೇಳಿದ. ಬಾಗಿಲಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

ಟೀಚರಮ್ಮ ಅವನನ್ನು ಹತ್ತಿರ ಕರೆದಳು. ಅವನು ಕಿವಿ ಕೊಟ್ಟ. ಆಕೆ ನಡುವೆ ನಿಂತು ನಿಂತು ಒಂದಿಷ್ಟು ಹೇಳಿದಳು. ಅವನು ನೆಟ್ಟಗೆ ನಿಂತ.

"ಅಮ್ಮ ಏನಂತಾಳೆ?" ಎಂದಳು ಲಾಯರಮ್ಮ.

"ಅಮ್ಮ ಹೇಳ್ತಾಳೆ... ನೀನು ಪರಮಪ್ರಸಾದ ತಗೋ. ಅವಳು ಹುಷಾರಾಗ್ತಾಳಂತೆ."

ಟಿಣ್.

ಅವನು ಹೆಂಡತಿಯ ಕಡೆ ನೋಡಿದ. ಆಕೆ ಚಮಚವನ್ನು ಲೋಟದ ಮೇಲೇ ಹಿಡಿದಿದ್ದಳು.

"ಅಂದ್ರೆ... ಎಲ್ಲ ದೇವರಿಗೆ ಬಿಟ್ಟಿದ್ದು, ನಮಗೇನು ಗೊತ್ತಾಗುತ್ತೆ..."

ಟಿಣ್.

"ತಪ್ಪಂತೆ ಅಪ್ಪ. ಸರಿಯಾಗಿ ಹೇಳು."

ಎಷ್ಟೋ ಮನೆಗಳ ಮುಂದೆ ನಿಂತು 'ಹೊರಡೋಣವಾ' ಎಂದು ಕೇಳಿದ್ದವನು ಅವನು. ಆ ಬಾಯಿಗೆ ಈ ಒಂದು ಮಾತು ಇಷ್ಟು ದಿನ ಬಂದಿರಲಿಲ್ಲ, ಮನಸ್ಸಿಗೂ ಬರದಂತೆ ನೋಡಿಕೊಂಡಿದ್ದ. ಈಗ ಮಂಚದ ಸರಳು ಹಿಡಿದುಕೊಂಡು ಹೇಳಿದ.

"ನೀನು ತಗೊಂಡ್ರೂ ಅವಳು ಹೋಗ್ತಾಳೆ. ತಗೊಳ್ಳದಿದ್ರೂ ಹೋಗ್ತಾಳೆ. ನಿನ್ನಿಂದ ಅಲ್ಲ. ಕಾಯೋದಕ್ಕೆ ಅವಳಿಗೆ ಆಗ್ತಿಲ್ಲ, ನೋವಿದೆ. ಹೋಗೋಕೆ ಮುಂಚೆ ಒಂದ್ಸಲ ನಿನ್ನ ಜೊತೆ ತಗೋಬೇಕು ಅಂತ ಆಸೆ."

ಚಮಚ ಬಡಿಯಲಿಲ್ಲ.

ಲಾಯರಮ್ಮ ಮಂಚ ಹತ್ತಿ, ಆಸ್ಪತ್ರೆಯ ಸೂಜಿ ಚುಚ್ಚಿ ಬಾತಿದ್ದ ಕೈಯನ್ನು ತಪ್ಪಿಸಿ, ಅಮ್ಮನ ಪಕ್ಕ ಮಲಗಿಕೊಂಡಳು. ಪಿಟೀಲು ಒದ್ದೆ ಕೈಯಲ್ಲೇ ಓಡಿಬಂದು ಕಾಲ ಬಳಿ ಹತ್ತಿದ. ಅತ್ತೆ ಏನೂ ಅನ್ನದೆ ಎಲ್ಲರಿಗೂ ಹಾಲು ಕಾಯಿಸಲು ಒಳಗೆ ಹೋದಳು.

ಚರ್ಚಿನವರೆಗೆ ಹೋಗುವ ಮಾತು ಆಗಲೇ ಮುಗಿದಿತ್ತು. ಫಾದರ್ ಚಿಕ್ಕ ಡಬ್ಬಿಯಲ್ಲಿ ಪರಮಪ್ರಸಾದ ಇಟ್ಟುಕೊಂಡು ಮನೆಗೇ ಬಂದರು. ಲಾಯರಮ್ಮ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಗ್ಯಾಸಿನ ಪಕ್ಕ ನಿಂತೇ ಪಾಪನಿವೇದನೆ ಮಾಡಿದಳು.

"ಅಷ್ಟು ಹೊತ್ತು ಏನೇ ಹೇಳ್ದೆ?" ಎಂದು ಅಜ್ಜಿ ಕೇಳಿದಳು.

"ಅದು ನನಗೂ ಫಾದರ್‌ಗೂ ಇರೋದು," ಎಂದಳು ಲಾಯರಮ್ಮ.

ಫ್ರಾಕಿನ ಅಂಚಿನ ಮಡಿಕೆ ಬಿಚ್ಚುವ ಅಗತ್ಯ ಬಂದಿರಲಿಲ್ಲ. ಅಳತೆ ಸರಿಯಾಗಿಯೇ ಇತ್ತು. ಟೀಚರಮ್ಮನನ್ನು ದಿಂಬು ಕೊಟ್ಟು ಕೂರಿಸಿದ್ದರು. ಫಾದರ್ ಡಬ್ಬಿಯಿಂದ ಒಂದೇ ಒಂದು ಪರಮಪ್ರಸಾದ ತೆಗೆದು, ಅಂಚಿನಿಂದ ಎಳ್ಳಿನಷ್ಟು ಚೂರು ಮುರಿದು ಚಮಚದ ನೀರಿನಲ್ಲಿ ಬಿಟ್ಟರು. ಉಳಿದದ್ದನ್ನು ಮಗಳ ಮುಂದೆ ಹಿಡಿದರು.

"ಕ್ರಿಸ್ತರ ಶರೀರ."

"ಆಮೆನ್," ಎಂದಳು ಲಾಯರಮ್ಮ.

ಆಮೇಲೆ ಅದೇ ಚಮಚವನ್ನು ಡ್ರೈವರು ಹೆಂಡತಿಯ ತುಟಿಗೆ ಹಿಡಿದ. ಆಕೆ ನುಂಗಿದ್ದು ಗಂಟಲಿನಲ್ಲಿ ಇಳಿಯುವುದನ್ನು ಎಲ್ಲರೂ ಬಗ್ಗಿ ನೋಡಿದರು. ಇಳಿಯಿತು. ಮಗಳಿಗೆ ಮೊದಲನೆಯದು, ತಾಯಿಗೆ ಕೊನೆಯದು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಪಿಟೀಲೊಬ್ಬನನ್ನು ಬಿಟ್ಟು. ಅವನು ತನಗೂ ಬೇಕೆಂದು ರಾಗ ಎಳೆದ. ಅಜ್ಜಿ ಅವನಿಗೊಂದು ಬಿಸ್ಕತ್ತು ಕೊಟ್ಟಳು.

ಮುಂದಿನ ವಾರ ಒಂದು ಮಧ್ಯಾಹ್ನ, ಅತ್ತೆ ಬಟ್ಟೆ ಒಣಹಾಕುತ್ತಿದ್ದಾಗ ಟೀಚರಮ್ಮ ಹೋದಳು.

"ಇವತ್ತು ನಾನು ಓಡಿಸ್ತೀನಿ, ನೀನು ಹಿಂದೆ ಕೂತ್ಕೋ," ಎಂದ ಜೊತೆಗಾರ ಡ್ರೈವರು.

"ಬೇಡ. ಆ ತಿರುವಿನಲ್ಲಿ ನೀನು ಎತ್ತಿಹಾಕ್ತೀಯ," ಎಂದು ಅವನೇ ಸ್ಟಿಯರಿಂಗ್ ಹಿಡಿದ. ಎರಡನೇ ಗೇರಿನಲ್ಲಿ, ಎಲ್ಲೂ ಕುಲುಕದಂತೆ ತಂದ. ಸ್ಮಶಾನದ ಗೇಟಿನೊಳಗೆ ವ್ಯಾನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದ, ಹಿಂಬಾಗಿಲು ತೆರೆದ, ಪೆಟ್ಟಿಗೆಯ ಗಂಟು ಬಿಚ್ಚಿದ. ಜನ ಎತ್ತಿಕೊಂಡು ನಡೆದರು. ಆಮೇಲೆ ಅವನು, ದಿನವೂ ಮಾಡುವಂತೆ, ಬಟ್ಟೆ ತೆಗೆದುಕೊಂಡು ಮುಂದಿನ ಗಾಜು ಒರೆಸತೊಡಗಿದ. ತಾನು ಅಲ್ಲಿ ಇರಬೇಕಾದವನಲ್ಲ, ಆ ಕಡೆ ಇರಬೇಕಾದವನು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಯಾರೋ ಅಂಗಿ ಎಳೆದರು. ಪಿಟೀಲು.

"ಅಪ್ಪಾ, ಬಾ. ನಮ್ಮ ಪ್ರಾರ್ಥನೆ ಬಂತು."

ಅವನು ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಹೋದ. ಜನ ದಾರಿ ಬಿಟ್ಟರು. ಫಾದರ್ ಪುಸ್ತಕದಿಂದ ತಲೆಯೆತ್ತಿ ಅವನನ್ನು ನೋಡಿ, ನೀವೇ ಹೇಳಿ ಎಂದು ಸನ್ನೆ ಮಾಡಿದರು. ಅತ್ತೆಯೂ, "ಹೇಳಿ ಅಳಿಯಂದ್ರೇ" ಎಂದಳು.

"ಪ್ರಭುವೇ," ಎಂದ ಡ್ರೈವರು. "ನಿತ್ಯ ಪ್ರಕಾಶವನ್ನು..."

ತಪ್ಪಿತು. ರೂಢಿಯಂತೆ ಅವನು ನಿಲ್ಲಿಸಿದ. ಮಕ್ಕಳೂ ರೂಢಿಯಂತೆ ತಲೆಯೆತ್ತಿ ಕಾದರು. ಪಾಪ, ಅಳು ಒತ್ತಿ ಬಂದಿದೆ ಎಂದುಕೊಂಡರು ಜನ. ಅವನಿಗೆ ಅಳು ಬಂದಿರಲಿಲ್ಲ. ಚಮಚ ಬಡಿಯಲಿ ಎಂದು ಕಾಯುತ್ತಿದ್ದ.

ಬಡಿಯಲಿಲ್ಲ.

ಆಗ ಅವನು ಗಾಜು ಒರೆಸುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡ. ಲಾಯರಮ್ಮ ಅವನ ಕೈ ಹಿಡಿದುಕೊಂಡಳು.

"ತಪ್ಪು, ಅಪ್ಪ," ಎಂದಳು, ಮೆಲ್ಲಗೆ. "ಮೊದಲು ವಿಶ್ರಾಂತಿ. ಆಮೇಲೆ ಪ್ರಕಾಶ. ಮತ್ತೆ ಹೇಳು."

ಅವನು ಮತ್ತೆ ಹೇಳಿದ.